ಹಳ್ಳ ಮೊದಲು, ಪಾರ್ಕ್ ಆಮೇಲೆ: ಶಿವಮೊಗ್ಗದ ಹಾಳುಬಿದ್ದ ಉದ್ಯಾನಗಳ ದುರಸ್ತಿ ಎಲ್ಲಿಂದ ಶುರುವಾಗಬೇಕು?

ಬಡಾವಣೆಯ ಪಾರ್ಕ್ ಅಭಿವೃದ್ಧಿ ಎಂಬ ಸುದ್ದಿ ಈಚೆಗೆ ಓದುಗರನ್ನು ಗೊಂದಲಕ್ಕೆ ತಳ್ಳುತ್ತಿದೆ. ‘ಹಳ್ಳದ ಪುನಶ್ಚೇತನಕ್ಕೆ ಅನುದಾನ’ ಎಂದು ಓದಿರುತ್ತೇವೆ. ಕೆಲವು ತಿಂಗಳಲ್ಲಿ ಅದೇ ಜಾಗಕ್ಕೆ ಜೆಸಿಬಿ ಬಂದು, ಹಳ್ಳದ ಎರಡೂ ದಡಕ್ಕೆ ಕಾಂಕ್ರೀಟ್ ಗೋಡೆ ಏಳುತ್ತದೆ. ಗಿಡಮರ ಉಳಿಸಿ ಎಂದು ಒಂದು ಗುಂಪು ಮನವಿ ಕೊಡುತ್ತದೆ. ಗೋಡೆ ಬೇಗ ಮುಗಿಸಿ, ಮಳೆಗಾಲ ಬಂತು ಎಂದು ಪಕ್ಕದ ಬೀದಿಯವರು ಇನ್ನೊಂದು ಮನವಿ ಕೊಡುತ್ತಾರೆ. ಪಾರ್ಕ್ ಚೆನ್ನಾಗಿರಬೇಕು ಎಂಬುದು ಇಬ್ಬರ ಆಸೆಯೂ ಹೌದು. ಹಾಗಿದ್ದರೆ ಜಗಳ ಯಾವುದರ ಬಗ್ಗೆ?

ಈ ಪ್ರಶ್ನೆ ಈಗ ತುರ್ತಿನದ್ದಾಗಲು ಒಂದು ಕಾರಣವಿದೆ. 2016ರಲ್ಲಿ ಶಿವಮೊಗ್ಗ ಆಯ್ಕೆಯಾದ ಸ್ಮಾರ್ಟ್ ಸಿಟಿ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿಯಿತು. ಆ ಹಣದಲ್ಲಿ ಆದ ನಡಿಗೆ ಪಥ, ದೀಪ, ಪಾರ್ಕು, ನದಿದಂಡೆಯ ಕಾಮಗಾರಿಗಳನ್ನು ಇನ್ನು ನೋಡಿಕೊಳ್ಳಬೇಕಾದ್ದು ಸ್ಥಳೀಯ ಆಡಳಿತವೇ. ಕಟ್ಟಲು ಬಂದ ಹಣ ನಿರ್ವಹಣೆಗೆ ಬರುವುದಿಲ್ಲ. ಆದ್ದರಿಂದ ಇನ್ನು ಮುಂದೆ ಯಾವ ಪಾರ್ಕನ್ನು ಮುಟ್ಟಿದರೂ ಅದು ಕಡಿಮೆ ಖರ್ಚಿನಲ್ಲಿ ಬಹಳ ವರ್ಷ ಉಳಿಯುವ ಕೆಲಸವಾಗಿರಬೇಕು. ಅದಕ್ಕೆ ಬೇಕಾದದ್ದು ಕೆಲಸದ ಸರಿಯಾದ ಅನುಕ್ರಮ. ಮೊದಲು ಹಳ್ಳಕ್ಕೆ ಕೊಳಚೆ ಸೇರುವುದು ನಿಲ್ಲಬೇಕು, ನಂತರ ಹಳ್ಳದ ಪಾತ್ರ ಮತ್ತು ದಡ ಸರಿಯಾಗಬೇಕು, ಆಮೇಲೆ ಗಿಡ. ಬೆಂಚು, ದೀಪ, ಟೈಲ್ಸ್ ಎಲ್ಲಕ್ಕಿಂತ ಕೊನೆಗೆ. ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತೀರಾ ತಿರುಗುಮುರುಗು.

ಪಾರ್ಕು ಹಾಳಾಗುವುದು ಮೇಲಿನ ಬೀದಿಯಿಂದ

ಬಡಾವಣೆ ಮಾಡುವಾಗ ಎತ್ತರದ, ಒಣಗಿದ ನೆಲ ಸೈಟುಗಳಾಗುತ್ತದೆ. ನೀರು ನಿಲ್ಲುವ ತಗ್ಗು, ಹಳ್ಳದ ಅಂಚು, ಮೂಲೆಯ ತುಂಡು ಜಾಗ ಪಾರ್ಕಿಗೆ ಉಳಿಯುತ್ತದೆ. ಅಂದರೆ ಹಳ್ಳ ಪಾರ್ಕಿನೊಳಗೆ ನುಗ್ಗಿದ್ದಲ್ಲ, ಪಾರ್ಕೇ ಹಳ್ಳದ ಜಾಗದಲ್ಲಿ ಇರುವುದು. ಮೇಲ್ಭಾಗದ ಗದ್ದೆ, ಬ್ಯಾಣ (ಹುಲ್ಲುಗಾವಲು), ಖಾಲಿ ಸೈಟುಗಳೆಲ್ಲ ತಾರಸಿಯೂ ಕಾಂಕ್ರೀಟ್ ರಸ್ತೆಯೂ ಆದಂತೆ ಕೆಳಗಿನ ಹಳ್ಳದ ಸ್ವಭಾವವೇ ಬದಲಾಗುತ್ತದೆ.

ಲೆಕ್ಕ ಹಾಕಿ ನೋಡಿ. 50 ಹೆಕ್ಟೇರ್, ಅಂದರೆ ಸುಮಾರು 123 ಎಕರೆ ಪ್ರದೇಶದ ನೀರು ಒಂದು ಹಳ್ಳಕ್ಕೆ ಬರುತ್ತದೆ ಎಂದುಕೊಳ್ಳೋಣ. ಗಂಟೆಗೆ 60 ಮಿ.ಮೀ. ರಭಸದಲ್ಲಿ ಮಳೆ ಹೊಡೆದರೆ ಆ ಪ್ರದೇಶದ ಮೇಲೆ ಸೆಕೆಂಡಿಗೆ 8.3 ಘನ ಮೀಟರ್ ನೀರು ಬೀಳುತ್ತದೆ. ನೆಲ ಹಸಿರಾಗಿದ್ದು ಅದರಲ್ಲಿ ಶೇ 30 ಮಾತ್ರ ಹರಿದುಬಂದರೆ ಹಳ್ಳಕ್ಕೆ 2.5 ಘನ ಮೀಟರ್. ಅದೇ ಪ್ರದೇಶ ಮನೆ–ರಸ್ತೆಗಳಿಂದ ತುಂಬಿ ಶೇ 75 ಹರಿದುಬಂದರೆ 6.25 ಘನ ಮೀಟರ್. ಮಳೆ ಅಷ್ಟೇ, ಹಳ್ಳಕ್ಕೆ ಬರುವ ನೀರು ಮಾತ್ರ ಎರಡೂವರೆ ಪಟ್ಟು. ಅದೂ ಒಮ್ಮೆಲೇ ಬರುತ್ತದೆ. ದಡ ಕೊರೆಯುತ್ತದೆ, ಬೇಲಿ ಬೀಳುತ್ತದೆ, ಪಾರ್ಕಿನ ಹಾದಿಯ ಮೇಲೆ ಹೂಳು ಕೂರುತ್ತದೆ. ಜನ ಬರುವುದು ಕಡಿಮೆಯಾದ ಮೇಲೆ ಕಸ ಬಂದು ಬೀಳುತ್ತದೆ, ಲಂಟಾನ ಮತ್ತು ಕಾಂಗ್ರೆಸ್ ಗಿಡ ಮುತ್ತಿಕೊಳ್ಳುತ್ತವೆ. ಇಷ್ಟಾದ ಮೇಲೆ ‘ನಿರ್ಲಕ್ಷ್ಯಕ್ಕೊಳಗಾದ ಉದ್ಯಾನ’ ಎಂಬ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ರೋಗ ಶುರುವಾದದ್ದು ಮಾತ್ರ ನಾಲ್ಕು ಬೀದಿ ಮೇಲೆ.

ಮೂರು ವಾದಗಳು, ಮೂರರಲ್ಲೂ ನಿಜವಿದೆ

ಹಳ್ಳದ ಪಕ್ಕದ ಮನೆಯವರ ಮಾತು ಸರಳ: ಮನೆಗೆ ನೀರು ನುಗ್ಗಬಾರದು, ಹಾವು ಬರಬಾರದು, ಸೊಳ್ಳೆ ಇರಬಾರದು, ಸಂಜೆ ಹೆಣ್ಣುಮಕ್ಕಳು ನಿರ್ಭಯವಾಗಿ ಓಡಾಡಬೇಕು. 2019ರ ಆಗಸ್ಟ್‌ನಲ್ಲಿ ಶಿವಮೊಗ್ಗದ ತಗ್ಗು ಬಡಾವಣೆಗಳು ಜಲಾವೃತವಾದದ್ದನ್ನು ಕಂಡವರಿಗೆ ಈ ಭಯ ದೊಡ್ಡದು ಮಾಡಿ ಹೇಳುವ ಮಾತಲ್ಲ.

ಹಳ್ಳದ ಪಾತ್ರದಲ್ಲಿ ಗಿಡಗಂಟಿ ಬೆಳೆದರೆ ಅದರ ಹರಿವಿನ ಸಾಮರ್ಥ್ಯ ಕುಗ್ಗುತ್ತದೆ ಎನ್ನುವುದು ಎಂಜಿನಿಯರುಗಳ ಮಾತು. ಇದೂ ನಿಜ. ಒರಟು ಪಾತ್ರದಲ್ಲಿ ನೀರು ನಿಧಾನವಾಗುತ್ತದೆ, ನಿಧಾನವಾದರೆ ಮಟ್ಟ ಏರುತ್ತದೆ.

ಪರಿಸರದ ಪರ ಮಾತಾಡುವವರು ಹೇಳುವುದು: ದಡದ ಮಣ್ಣು, ಬೇರು, ನೆರಳು ಹೋದರೆ ಹಳ್ಳ ಸತ್ತು ಚರಂಡಿಯಾಗುತ್ತದೆ; ಕಪ್ಪೆ, ಮೀನು, ಹುಂಡುಕೋಳಿ, ಮಿಂಚುಳ್ಳಿಗೆ ನೆಲೆ ತಪ್ಪುತ್ತದೆ; ನೀರು ಇಂಗದೆ ಸುತ್ತಲ ಬಾವಿ, ಬೋರ್‌ವೆಲ್‌ಗಳಿಗೆ ಹೊಡೆತ ಬೀಳುತ್ತದೆ. ಆದರೆ ಈ ಗುಂಪು ಎಷ್ಟೋ ಸಲ ‘ಹಾಗೇ ಬಿಟ್ಟುಬಿಡಿ’ ಎಂದು ಕೇಳುತ್ತದೆ. ಅದನ್ನು ಒಪ್ಪುವುದು ಕಷ್ಟ. ಕೊಳಚೆ ಹರಿಯುವ, ಲಂಟಾನ ಮುಚ್ಚಿದ ಹಳ್ಳವನ್ನು ಹಾಗೇ ಬಿಟ್ಟರೆ ಅಲ್ಲಿ ಕಾಡು ಮರಳುವುದಿಲ್ಲ, ಲಂಟಾನ ಇನ್ನಷ್ಟು ದಟ್ಟವಾಗುತ್ತದೆ.

ಗೋಡೆಯೇ ಏಕೆ ಗೆಲ್ಲುತ್ತದೆ?

ಉತ್ತರ ಇರುವುದು ಬಿಲ್ ಆಗುವ ವಿಧಾನದಲ್ಲಿ. ಗುತ್ತಿಗೆದಾರನಿಗೆ ಹಣ ಸಿಗುವುದು ಅಳತೆ ಪುಸ್ತಕದಲ್ಲಿ ಬರೆದದ್ದಕ್ಕೆ. ಅಗೆದ ಮಣ್ಣು ಎಷ್ಟು ಘನ ಮೀಟರ್, ಕಾಂಕ್ರೀಟ್ ಎಷ್ಟು ಘನ ಮೀಟರ್, ಕಬ್ಬಿಣ ಎಷ್ಟು ಕೆ.ಜಿ., ಪೇವರ್ ಎಷ್ಟು ಚದರ ಮೀಟರ್ — ಇವನ್ನು ಟೇಪ್ ಹಿಡಿದು ಅಳೆಯಬಹುದು, ದರಪಟ್ಟಿಯಲ್ಲಿ ಇವಕ್ಕೆ ದರವೂ ಇದೆ. ಎರಡು ಬೇಸಿಗೆ ದಾಟಿ ಬದುಕಿದ ಗಿಡಕ್ಕೆ, ಕುಸಿಯದೆ ನಿಂತ ಮಣ್ಣಿನ ದಡಕ್ಕೆ ಹಾಗೆ ಅಳತೆ ಬರೆಯುವುದು ಸುಲಭವಲ್ಲ. ಅಂದಾಜುಪಟ್ಟಿ ಮಾಡುವವರು ಆಡಿಟ್‌ನಲ್ಲಿ ಉತ್ತರ ಕೊಡಲು ಬರುವ ಬಾಬ್ತುಗಳನ್ನೇ ಬರೆಯುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ.

ಇದಕ್ಕೆ ಸೇರಿಕೊಳ್ಳುವ ಇನ್ನೊಂದು ಕಾರಣ ಆರ್ಥಿಕ ವರ್ಷ. ಅನುದಾನ ಖರ್ಚಾಗಬೇಕಾದ್ದು ಮಾರ್ಚ್ 31ರೊಳಗೆ. ಹಾಗಾಗಿ ಫೆಬ್ರುವರಿ–ಮಾರ್ಚಿನಲ್ಲಿ ಅವಸರದ ಕೆಲಸ ನಡೆಯುತ್ತದೆ. ಕಾಂಕ್ರೀಟ್ ಮಾರ್ಚಿನಲ್ಲೂ ಗಟ್ಟಿಯಾಗುತ್ತದೆ. ಗಿಡ ಮಾರ್ಚಿನಲ್ಲಿ ನೆಟ್ಟರೆ ಏಪ್ರಿಲ್‌ನಲ್ಲಿ ಒಣಗುತ್ತದೆ. ಆಗ ‘ಗಿಡ ನೆಟ್ಟು ನೋಡಿದೆವು, ಬರಲಿಲ್ಲ’ ಎಂಬ ಷರಾ ಕಡತ ಸೇರಿ, ಮುಂದಿನ ಸಲ ಮತ್ತಷ್ಟು ಗೋಡೆಗೆ ದಾರಿಯಾಗುತ್ತದೆ.

ಗೋಡೆಯ ಲೆಕ್ಕ, ದಡದ ಲೆಕ್ಕ

ಮೇಲಿನ 50 ಹೆಕ್ಟೇರಿನ ಹಳ್ಳಕ್ಕೇ ಬರೋಣ. ಒಂದು ಕಡೆ 3 ಮೀಟರ್ ಅಗಲ, 1.6 ಮೀಟರ್ ಆಳದ, ತಳವೂ ಗೋಡೆಯೂ ಕಾಂಕ್ರೀಟ್ ಆದ ಕಾಲುವೆ. ಇನ್ನೊಂದು ಕಡೆ ಎರಡು ಹಂತದ ಮಣ್ಣಿನ ಹಳ್ಳ: ನಡುವೆ ಬೇಸಿಗೆಯ ನೀರಿಗೆ ಒಂದೂವರೆ ಮೀಟರ್ ಅಗಲದ ಕಿರುಪಾತ್ರ, ಅದರ ಎರಡೂ ಬದಿ ಒಂದೂವರೆ ಮೀಟರಿನ ಮೆಟ್ಟಿಲು, ಅಲ್ಲಿಂದ ಮೇಲಕ್ಕೆ 1.2 ಮೀಟರ್ ಎತ್ತರದ ಇಳಿಜಾರು ದಡ. ಇಳಿಜಾರು 1:2, ಅಂದರೆ ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಓರೆ. ಹೀಗೆ ಮಾಡಿದರೆ ಮೇಲ್ಭಾಗದಲ್ಲಿ ಸುಮಾರು 9.3 ಮೀಟರ್ ಅಗಲ ಬೇಕು. ಎರಡೂ ಹಳ್ಳಗಳು ಸಾವಿರ ಮೀಟರಿಗೆ ಮೂರು ಮೀಟರ್ ಇಳಿಯುತ್ತವೆ ಎಂದಿಟ್ಟುಕೊಳ್ಳಿ.

ಕಾಂಕ್ರೀಟ್ ಕಾಲುವೆ ತುಂಬಿ ಹರಿದಾಗ ನೀರಿನ ವೇಗ ಸೆಕೆಂಡಿಗೆ ಸುಮಾರು 3 ಮೀಟರ್, ಸಾಮರ್ಥ್ಯ ಸುಮಾರು 15 ಘನ ಮೀಟರ್. ಹುಲ್ಲು–ಪೊದೆಯ ಎರಡು ಹಂತದ ಹಳ್ಳದಲ್ಲಿ ವೇಗ 1 ಮೀಟರಿನ ಆಸುಪಾಸು, ಸಾಮರ್ಥ್ಯ ಸುಮಾರು 8.6 ಘನ ಮೀಟರ್. ಎಂಜಿನಿಯರುಗಳ ಮಾತು ಇಲ್ಲಿ ನಿಜವಾಯಿತು: ಮೂರು ಪಟ್ಟು ಅಗಲದ ಜಾಗ ತಿಂದರೂ ಹಸಿರು ಹಳ್ಳ ಒಯ್ಯುವ ನೀರು ಕಡಿಮೆ. ಆದರೆ ಬೇಕಾಗಿದ್ದದ್ದು 6.25. ಅದಕ್ಕೆ 8.6 ಸಾಕು.

ಗಂಟೆಗೆ 100 ಮಿ.ಮೀ. ರಭಸದ ಮಳೆ ಬಂದರೆ? ಆಗ 10.4 ಘನ ಮೀಟರ್ ಬರುತ್ತದೆ, ಹಸಿರು ಹಳ್ಳದಲ್ಲಿ 1.8 ಘನ ಮೀಟರ್ ಉಕ್ಕುತ್ತದೆ. ಪಾರ್ಕಿನ ಒಂದು ಎಕರೆ ಆಟದ ಬಯಲನ್ನು ಸುತ್ತಲಿಗಿಂತ 30 ಸೆಂ.ಮೀ. ತಗ್ಗಿಸಿಟ್ಟರೆ ಅಲ್ಲಿ ಸುಮಾರು 12 ಲಕ್ಷ ಲೀಟರ್ ನಿಲ್ಲುತ್ತದೆ. ಉಕ್ಕಿದ ನೀರನ್ನು ಅದು 11 ನಿಮಿಷ ಹಿಡಿದಿಟ್ಟುಕೊಳ್ಳುತ್ತದೆ. ಸಣ್ಣ ಜಲಾನಯನದಲ್ಲಿ ಮಳೆಯ ಅತಿ ರಭಸದ ಹೊಡೆತ ಬಹುಪಾಲು ಅಲ್ಪಾವಧಿಯದ್ದು, ಹಾಗಾಗಿ ಆ 11 ನಿಮಿಷಕ್ಕೆ ಬೆಲೆಯಿದೆ. ಅದಕ್ಕಿಂತ ಹೆಚ್ಚು ಹೊತ್ತು ಸುರಿದರೆ ಮೇಲಿನ ಬೀದಿಗಳಲ್ಲೇ ತಾರಸಿ ನೀರನ್ನು ಹಿಡಿದಿಡದೆ ಗತ್ಯಂತರವಿಲ್ಲ.

ಇನ್ನು ವೇಗದ ವಿಷಯ. ವೇಗ ಮೂರು ಪಟ್ಟಾದರೆ ನೀರಿನ ಹೊಡೆತ ಒಂಬತ್ತು ಪಟ್ಟಾಗುತ್ತದೆ. ಬರಿ ಮಣ್ಣು ಸೆಕೆಂಡಿಗೆ ಒಂದು ಮೀಟರಿನೊಳಗಿನ ವೇಗವನ್ನಷ್ಟೇ ತಾಳುತ್ತದೆ. ಬೇರೂರಿದ ಹುಲ್ಲಿನ ದಡ ಒಂದೂವರೆ, ಎರಡು ಮೀಟರಿನವರೆಗೆ. ಮೂರು ಮೀಟರ್ ವೇಗದ ನೀರು ಗೋಡೆ ಮುಗಿದ ಜಾಗದಲ್ಲಿ ಹೊರಬಿದ್ದಾಗ ಕೆಳಗಿನ ಮಣ್ಣಿನ ದಡ ಕೊಚ್ಚಿಹೋಗುತ್ತದೆ. ಅಲ್ಲಿಯವರು ಮುಂದಿನ ವರ್ಷ ತಮಗೂ ಗೋಡೆ ಬೇಕು ಎನ್ನುತ್ತಾರೆ. ಹಳ್ಳಗಳ ಗೋಡೆ ವರ್ಷ ವರ್ಷ ಉದ್ದವಾಗುತ್ತ ಹೋಗುವುದು ಹೀಗೆ.

ಗೋಡೆ ಶಾಶ್ವತ ಎಂಬ ನಂಬಿಕೆಗೂ ಮಿತಿಯಿದೆ. ಮಲೆನಾಡಿನ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಭಾರವಾಗುತ್ತದೆ. ಗೋಡೆಯ ಹಿಂದಿನ ನೀರು ಬಸಿದುಹೋಗಲು ಪೈಪು ಬಿಟ್ಟಿರಬೇಕು, ಅದರ ಹಿಂದೆ ಜಲ್ಲಿಯ ಪದರ ತುಂಬಿರಬೇಕು. ಜಲ್ಲಿಯಿಲ್ಲದೆ ಬರೀ ಪೈಪು ಇಟ್ಟರೆ ಕೆಲವೇ ಮಳೆಗಾಲದಲ್ಲಿ ಮಣ್ಣು ಕಟ್ಟಿ ಮುಚ್ಚುತ್ತದೆ. ಎರಡು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ ನೀರೊಂದರ ಒತ್ತಡವೇ ಪ್ರತಿ ಮೀಟರ್ ಉದ್ದಕ್ಕೆ ಸುಮಾರು ಎರಡು ಟನ್. ಗೋಡೆ ಹೊರಕ್ಕೆ ವಾಲುವುದು ಇದರಿಂದ.

ಹಾಗೆಂದು ಗೋಡೆ ಎಲ್ಲೂ ಬೇಡ ಎನ್ನಲಾಗದು. ಮನೆಯ ಪಾಯ ಹಳ್ಳದ ಅಂಚಿಗೇ ಬಂದಿರುವಲ್ಲಿ, ಮೋರಿ–ಸೇತುವೆಯ ಮೇಲೆ ಕೆಳಗೆ, ಹಳ್ಳ ಚೂಪಾಗಿ ತಿರುಗುವ ಕಡೆಯ ಹೊರದಡಕ್ಕೆ ಗೋಡೆಯೋ, ತಂತಿಬಲೆಯಲ್ಲಿ ತುಂಬಿದ ಕಾಡುಕಲ್ಲೋ ಬೇಕೇ ಬೇಕು. ಪಾರ್ಕಿನೊಳಗೆ ಒಂಬತ್ತು ಮೀಟರ್ ಜಾಗ ಇದ್ದೂ ಗೋಡೆ ಕಟ್ಟುವುದಕ್ಕೆ ಮಾತ್ರ ಕಾರಣ ಕಾಣುವುದಿಲ್ಲ.

ತುಂಗೆ ತುಂಬಿದ ದಿನ

ಶಿವಮೊಗ್ಗಕ್ಕೇ ವಿಶೇಷವಾದ ಒಂದು ಸಂಗತಿ ಈ ಚರ್ಚೆಯಲ್ಲಿ ಬಿಟ್ಟುಹೋಗುತ್ತದೆ. ಗಾಜನೂರಿನ ತುಂಗಾ ಜಲಾಶಯದ ಸಾಮರ್ಥ್ಯ 3.24 ಟಿಎಂಸಿ ಅಡಿ ಮಾತ್ರ. ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಅದು ಬೇಗ ತುಂಬಿ, ಬಂದ ನೀರನ್ನೆಲ್ಲ ಹೊಳೆಗೆ ಬಿಡಬೇಕಾಗುತ್ತದೆ. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ಊರು ನೋಡಲು ಹೋಗುವ ದಿನಗಳಲ್ಲಿ ತುಂಗೆಯ ಮಟ್ಟ ಹಳ್ಳಗಳ ಬಾಯಿಗಿಂತ ಮೇಲಿರುತ್ತದೆ. ಹಳ್ಳದ ನೀರು ಹೊಳೆ ಸೇರಲಾರದೆ ಹಿಂದಕ್ಕೆ ಒತ್ತುತ್ತದೆ.

ಆ ಹೊತ್ತಿನಲ್ಲಿ ನುಣುಪಾದ ಕಾಂಕ್ರೀಟ್ ಕಾಲುವೆಯಿಂದ ಉಪಯೋಗವಿಲ್ಲ, ಏಕೆಂದರೆ ಹರಿದುಹೋಗಲು ಜಾಗವೇ ಇರುವುದಿಲ್ಲ. ಆಗ ಬೇಕಾದ್ದು ನೀರು ನಿಲ್ಲುವ ಸ್ಥಳ. ಮೇಲಿನ ಮಳೆನೀರನ್ನು ಕಾಲುವೆ ಇನ್ನೂ ಬೇಗ ಕೆಳಗೆ ತಂದು ಸುರಿದರೆ ತಗ್ಗಿನ ಮನೆಗಳಿಗೆ ನೀರು ಬೇಗ ನುಗ್ಗುತ್ತದೆ. ತುಂಗೆಗೆ ಹತ್ತಿರದ ಪಾರ್ಕುಗಳಲ್ಲಿ ಅಗಲವಾದ ಹಳ್ಳ, ತಗ್ಗಿದ ಬಯಲು ಇವು ನೆರೆ ತಡೆಯುವ ಸಾಧನಗಳೇ ಹೌದು. ಅಂಥ ಬಯಲಿಗೆ ಮಣ್ಣು ತುಂಬಿಸಿ ಎತ್ತರಿಸಿ ಟೈಲ್ಸ್ ಹಾಕಿದರೆ, ಎತ್ತರಿಸಿದಷ್ಟೂ ನೀರು ಪಕ್ಕದ ಬೀದಿಗೆ ಹೋಗುತ್ತದೆ.

ಕೊಳಚೆ ನಿಲ್ಲಿಸದೆ ಗುದ್ದಲಿ ಹಾಕಬೇಡಿ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದಿಪಾತ್ರಗಳನ್ನು ಗುರುತಿಸಿತು. ಅದರಲ್ಲಿ ಶಿವಮೊಗ್ಗದಿಂದ ಕೂಡ್ಲಿಯವರೆಗಿನ ತುಂಗೆಯೂ ಇದೆ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ನಿರ್ಮಲ ತುಂಗಭದ್ರಾ ಪಾದಯಾತ್ರೆ ಹೊರಟದ್ದು ಇದೇ ಕಳವಳದಿಂದ. ನದಿಯನ್ನು ಕೆಡಿಸುವ ನೀರು ಊರಿನ ಹಳ್ಳಗಳಲ್ಲೇ ಇಳಿದುಬರುತ್ತದೆ. ಪಾರ್ಕಿನ ಹಳ್ಳ ಶುದ್ಧವಾಗದೆ ಹೊಳೆ ಶುದ್ಧವಾಗದು.

ಪತ್ತೆ ಕಷ್ಟವಲ್ಲ. ಫೆಬ್ರುವರಿಯಲ್ಲಿ, ಮಳೆಯ ಸುಳಿವಿಲ್ಲದ ದಿನ, ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ ಮೋರಿಯ ಕೆಳಗೆ ನೋಡಬೇಕು. ಮನೆಗಳು ಏಳುವ ಹೊತ್ತು ಅದು. ಕಲ್ಲುಕಟ್ಟಡದ ಸಂದಿಯಿಂದ ಹೊರಚಾಚಿದ ನಾಲ್ಕಿಂಚಿನ ಪಿವಿಸಿ ಪೈಪು, ಅದರ ಬಾಯಿಯ ಕೆಳಗೆ ಗೋಡೆಗೆ ಅಂಟಿದ ಕಪ್ಪು ಲೋಳೆ, ಆ ಲೋಳೆಯ ಮೇಲೆ ಸೋಪಿನ ನೀಲಿ ಛಾಯೆಯ ಬಿಳಿ ನೊರೆ. ಒಣ ದಿನದಲ್ಲಿ ಹೀಗೆ ಹರಿಯುವ ಪ್ರತಿ ಪೈಪಿಗೂ ಒಂದು ಸಂಖ್ಯೆ ಕೊಟ್ಟು ನಕ್ಷೆಯಲ್ಲಿ ಗುರುತಿಸಬೇಕು. ಯಾವ ಮನೆಯದ್ದು ಎಂಬ ಅನುಮಾನವಿದ್ದರೆ ಮೇಲಿನ ಛೇಂಬರಿಗೆ ನಿರಪಾಯದ ಬಣ್ಣ ಹಾಕಿ ಕೆಳಗೆ ಕಾದರೆ ಗೊತ್ತಾಗುತ್ತದೆ. ಎಷ್ಟೋ ಕಡೆ ತಪ್ಪು ಮನೆಯವರದ್ದಲ್ಲ. ಒಳಚರಂಡಿಯ ಮ್ಯಾನ್‌ಹೋಲ್ ಕಟ್ಟಿಕೊಂಡು ಉಕ್ಕಿದ್ದು ಹಳ್ಳಕ್ಕೆ ಇಳಿಯುತ್ತಿರುತ್ತದೆ. ಈ ಪರಿಶೀಲನೆಗೆ ಇಳಿಯುವವರಿಗೆ ಮೊಣಕಾಲುದ್ದದ ಗಮ್‌ಬೂಟು, ಕೈಗವಸು ಕಡ್ಡಾಯ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು.

ಕೊಳಚೆಯನ್ನು ಹಳ್ಳದಲ್ಲೇ ಗಿಡ ಬೆಳೆಸಿ ಶುದ್ಧ ಮಾಡೋಣ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ನೂರು ಮನೆ, ನಾನೂರು ಜನ ಎಂದುಕೊಳ್ಳಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ 80 ಕೊಳಚೆ ಎಂಬ ರೂಢಿಯ ಲೆಕ್ಕದಲ್ಲಿ ದಿನಕ್ಕೆ 43 ಸಾವಿರ ಲೀಟರ್ ಆಗುತ್ತದೆ. ಜಲ್ಲಿ ಹಾಸಿ ಜಂಬುಹುಲ್ಲು ಬೆಳೆಸುವ ಶುದ್ಧೀಕರಣ ಮಡಿಗೆ ನಮ್ಮಂಥ ಬಿಸಿ ಸೀಮೆಯಲ್ಲಿ ತಲೆಗೆ ಒಂದರಿಂದ ಎರಡು ಚದರ ಮೀಟರ್ ಜಾಗ ಬೇಕು. ನೂರು ಮನೆಗೇ 400ರಿಂದ 800 ಚದರ ಮೀಟರ್. ಹಳ್ಳದ ಅಂಚಿಗೆ ಎರಡು ಸಾಲು ಕಾಬಾಳೆ ನೆಟ್ಟರೆ ಆ ಕೆಲಸ ಆಗುವುದಿಲ್ಲ. ಪೈಪುಗಳನ್ನು ಒಳಚರಂಡಿಗೆ ಜೋಡಿಸುವುದೇ ಸರಿಯಾದ ದಾರಿ, ಗಿಡಗಳು ಅಳಿದುಳಿದದ್ದಕ್ಕೆ.

ಹೂಳಿನ ಬಗ್ಗೆಯೂ ಒಂದು ಮಾತು. ಕೊಳಚೆ ಹರಿದ ಹಳ್ಳದ ಕಪ್ಪು ಹೂಳನ್ನು ‘ಒಳ್ಳೆ ಗೊಬ್ಬರ’ ಎಂದು ಪಾರ್ಕಿನಲ್ಲೇ ಹರಡುವುದುಂಟು. ಗ್ಯಾರೇಜು, ಬ್ಯಾಟರಿ ಅಂಗಡಿಗಳ ನೀರು ಸೇರಿದ್ದರೆ ಅದರಲ್ಲಿ ಸೀಸದಂಥ ಲೋಹ ಇರಬಹುದು. ಮಕ್ಕಳು ಆಡುವ ಜಾಗಕ್ಕೆ ಪರೀಕ್ಷೆಯಿಲ್ಲದೆ ಅದನ್ನು ಹಾಕಲೇಬಾರದು.

ಮಣ್ಣಿನ ಕೆಲಸಕ್ಕೆ ಎಂಟೇ ವಾರ

ಮಣ್ಣಿನ ಕೆಲಸ ಏಪ್ರಿಲ್‌ನಲ್ಲಿ ಶುರುವಾಗಿ ಮೇ ಕೊನೆಯ ವಾರಕ್ಕೆ ಮುಗಿಯಬೇಕು. ಮುಂಗಾರು ಬಂದಾಗ ದಡ ಹಸಿಮಣ್ಣಿನ ಸ್ಥಿತಿಯಲ್ಲಿದ್ದರೆ ಒಂದೇ ಮಳೆಗೆ ಹೋಗುತ್ತದೆ.

ಇಳಿಜಾರು ಮಾಡಿದ ಕೂಡಲೇ ತೆಂಗಿನ ನಾರಿನ ಚಾಪೆ ಹೊದಿಸಬೇಕು. ಮೇಲಂಚನ್ನು 30 ಸೆಂ.ಮೀ. ಆಳದ ಗುಂಡಿಯಲ್ಲಿ ಹೂತು ಮಣ್ಣು ತುಂಬಬೇಕು. ಒಂದು ಚಾಪೆಯ ಮೇಲೆ ಇನ್ನೊಂದು ಕನಿಷ್ಠ 15 ಸೆಂ.ಮೀ. ಹಾಯ್ದಿರಬೇಕು, ಮತ್ತು ನೀರು ಬರುವ ಕಡೆಯ ಚಾಪೆ ಮೇಲಿರಬೇಕು, ಮಾಡಿಗೆ ಹೆಂಚು ಹೊದಿಸಿದ ಹಾಗೆ. ಇದನ್ನು ಉಲ್ಟಾ ಮಾಡಿದರೆ ಮೊದಲ ಪ್ರವಾಹವೇ ಚಾಪೆಯಡಿ ನುಗ್ಗಿ ಕಿತ್ತೊಯ್ಯುತ್ತದೆ. ಹಿಡಿತಕ್ಕೆ ಬಿದಿರಿನ ಗೂಟ. ನಾರು ಎರಡು–ಮೂರು ವರ್ಷದಲ್ಲಿ ಕರಗುತ್ತದೆ, ಅಷ್ಟರೊಳಗೆ ಬೇರು ಹಿಡಿದಿರಬೇಕು.

ಎಲ್ಲ ದಡವನ್ನೂ ಒಂದೇ ಸಮ ಇಳಿಜಾರು ಮಾಡುವುದೂ ತಪ್ಪು. ಬಿಳಿಗಂಟಲಿನ ಮಿಂಚುಳ್ಳಿ ಗೂಡು ಕೊರೆಯುವುದು ಕಡಿದಾದ ಬರಿ ಮಣ್ಣಿನ ದಡದಲ್ಲಿ: ಮುಷ್ಟಿ ಗಾತ್ರದ ಬಾಯಿ, ಒಳಗೆ ಅರ್ಧ ಮೀಟರಿಗೂ ಮಿಕ್ಕಿದ ಸುರಂಗ, ಬಾಯಿಯ ಕೆಳಗೆ ಹಿಕ್ಕೆಯ ಬಿಳಿ ಗೆರೆ. ಅದು ಮರಿ ಮಾಡುವ ಕಾಲವೂ ನಮ್ಮ ಮಣ್ಣಿನ ಕೆಲಸದ ಕಾಲವೂ ಬೇಸಿಗೆಯೇ. ಹಾಗಾಗಿ ಮಾರ್ಚಿನಲ್ಲೇ ಹುಡುಕಿ, ಗೂಡಿರುವ ದಡಕ್ಕೆ ಸುಣ್ಣದ ಗುರುತು ಹಾಕಿ, ಆ ತುಣುಕನ್ನು ಜೆಸಿಬಿ ಮುಟ್ಟದಂತೆ ಬಿಡಬೇಕು. ಹತ್ತು ಮೀಟರ್ ದಡ ಉಳಿಸುವುದರಿಂದ ಯಾರ ಮನೆಗೂ ನೀರು ನುಗ್ಗುವುದಿಲ್ಲ.

ಲಂಟಾನವನ್ನು ಒಂದೇ ಸಲ ಬೋಳಿಸುವುದೂ ಬೇಡ. ಪೊದೆಯಲ್ಲಿ ಆಶ್ರಯ ಪಡೆದ ಹಕ್ಕಿಗಳಿಗೆ ಹೋಗಲು ಜಾಗವಿರುವುದಿಲ್ಲ, ಬರಿದಾದ ದಡ ಕೊಚ್ಚುತ್ತದೆ. ಮೂರರಲ್ಲಿ ಒಂದು ಭಾಗದಂತೆ ಮೂರು ವರ್ಷದಲ್ಲಿ ತೆಗೆಯಬೇಕು. ನೆಲದ ಮೇಲೆ ಸವರಿದರೆ ಎರಡು ತಿಂಗಳಲ್ಲಿ ದುಪ್ಪಟ್ಟು ಚಿಗುರುತ್ತದೆ. ನೆಲದಿಂದ ಎರಡು–ಮೂರು ಇಂಚು ಕೆಳಗೆ ಬುಡವನ್ನೇ ಕಡಿದು, ಬೇರು ಮೇಲಾಗಿ ತಲೆಕೆಳಗು ಒಣಗಲು ಬಿಡಬೇಕು. ಕಾಯಿ ಹಣ್ಣಾಗುವ ಮೊದಲೇ ಈ ಕೆಲಸ ಆಗಬೇಕು.

ಯಾವ ಗಿಡ, ಯಾವ ಮೆಟ್ಟಿಲಿಗೆ

ನೀರಿನಂಚಿಗೆ ಬಜೆ, ಕೆಸು, ಒಂದೆಲಗ, ಲಾವಂಚ. ಲಾವಂಚವನ್ನು ಹಳ್ಳದ ಉದ್ದಕ್ಕೆ ಸಾಲಾಗಿ, ಬುಡದಿಂದ ಬುಡಕ್ಕೆ 10–15 ಸೆಂ.ಮೀ. ಬಿಟ್ಟು ನೆಡಬೇಕು. ನೂರು ಮೀಟರಿನ ಒಂದು ಸಾಲಿಗೆ 670ರಿಂದ 1,000 ಸಸಿ ಬೇಕಾಗುತ್ತದೆ. ಖರ್ಚು ಉಳಿಸಲು ಅಂತರ ಅರ್ಧ ಮೀಟರ್ ಮಾಡಿದರೆ ಬೇರಿನ ಗೋಡೆ ಕಟ್ಟಿಕೊಳ್ಳುವುದೇ ಇಲ್ಲ, ನೀರು ಸಂದಿಯಲ್ಲಿ ಕೊರೆಯುತ್ತದೆ. ಇಳಿಜಾರಿಗೆ ಲಕ್ಕಿ: ಹೆಬ್ಬೆರಳು ದಪ್ಪದ, ಎರಡಡಿ ಉದ್ದದ ಕಡ್ಡಿಗಳನ್ನು ಮೂರನೇ ಎರಡು ಭಾಗ ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ನೆಟ್ಟರೆ ಮಳೆಗಾಲದಲ್ಲಿ ಚಿಗುರುತ್ತವೆ.

ಮೇಲ್ದಡಕ್ಕೆ ಹೊಳೆಮತ್ತಿ, ಹೊಂಗೆ, ಅತ್ತಿ, ನೇರಳೆ, ಹೊಳೆದಾಸವಾಳ. ನೀರಿನಲ್ಲಿ ಮುಳುಗಿ ನಿಂತೂ ಬದುಕುವ ಮರಗಳ ಶಕ್ತಿ ನೋಡಬೇಕೆಂದರೆ ಮಂಡಗದ್ದೆ ಸಾಕು. ಅಲ್ಲಿನ ನಡುಗಡ್ಡೆಯ ಮರಗಳು ಪ್ರತಿ ಮಳೆಗಾಲ ತುಂಗೆಯಲ್ಲಿ ಅರ್ಧ ಮುಳುಗಿರುತ್ತವೆ, ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಮರಿ ಮಾಡುತ್ತಿರುತ್ತವೆ. ಗುಂಡಿ 60 ಸೆಂ.ಮೀ. ಚೌಕ, ಅಷ್ಟೇ ಆಳ. ಮೂರು ಪಾಲು ಮಣ್ಣಿಗೆ ಒಂದು ಪಾಲು ಕೊಟ್ಟಿಗೆ ಗೊಬ್ಬರ. ಮರದಿಂದ ಮರಕ್ಕೆ ನಾಲ್ಕೈದು ಮೀಟರ್. ಅತ್ತಿಯಂಥ ಮರವನ್ನು ಕಟ್ಟಡ ಅಥವಾ ಗೋಡೆಯ ಹತ್ತಿರ ನೆಡಬಾರದು, ಬೇರು ಕಲ್ಲು ಸೀಳುತ್ತದೆ.

ಅಕೇಶಿಯಾ, ಸುಬಾಬುಲ್, ಕೊನೊಕಾರ್ಪಸ್ ಬೇಡವೇ ಬೇಡ. ನೆಲ ಮುಚ್ಚಲೆಂದು ಪಾರ್ಕುಗಳಲ್ಲಿ ನೆಡುವ ಹಳದಿ ಹೂವಿನ ಬಳ್ಳಿ ವೆಡೇಲಿಯಾ ನೋಡಲು ಚೆಂದ, ಹಳ್ಳಕ್ಕಿಳಿದರೆ ಕೀಳಲಾಗದು. ಲಾನ್ ಬಗ್ಗೆಯೂ ಯೋಚಿಸಬೇಕು. ದಿನಕ್ಕೆ 4 ಮಿ.ಮೀ. ನೀರುಣಿಸಿದರೂ ಒಂದು ಎಕರೆಗೆ 16 ಸಾವಿರ ಲೀಟರ್ ಆಗುತ್ತದೆ. ಏಪ್ರಿಲ್‌ನಲ್ಲಿ ಬಡಾವಣೆಗೇ ನೀರು ಸಾಲದಿರುವಾಗ ಅದನ್ನು ಕೊಡುವವರಾರು?

ಸೊಳ್ಳೆ, ಹಾವು, ಕತ್ತಲೆ

ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಳ್ಳಕ್ಕಿಂತ ಹೆಚ್ಚಾಗಿ ಟೈರು, ಎಳನೀರು ಬುರುಡೆ, ಡ್ರಮ್ಮಿನಲ್ಲಿ ನಿಂತ ತಿಳಿನೀರಿನಲ್ಲಿ ಮರಿ ಮಾಡುತ್ತದೆ. ಕ್ಯೂಲೆಕ್ಸ್ ಸೊಳ್ಳೆಗೆ ನಿಂತ ಕೊಳಚೆ ಬೇಕು. ಕೊಳಚೆ ಬರುವುದು ನಿಂತು, ಕಿರುಪಾತ್ರದಲ್ಲಿ ನೀರು ಹರಿಯತೊಡಗಿದರೆ ಕ್ಯೂಲೆಕ್ಸ್‌ಗೆ ಅನುಕೂಲ ತಪ್ಪುತ್ತದೆ. ತಳವೆಲ್ಲ ಚಪ್ಪಟೆಯಾದ ಕಾಂಕ್ರೀಟ್ ಕಾಲುವೆಯಲ್ಲಿ ಬೇಸಿಗೆಯ ನೀರು ತೆಳುವಾಗಿ ಹರಡಿ, ಹೂಳಿನ ಹಿಂದೆ ಮಡುಗಟ್ಟುತ್ತದೆ. ಸೊಳ್ಳೆಗೆ ಬೇಕಾದ್ದು ಅದೇ. ಸೊಳ್ಳೆಮರಿ ತಿನ್ನಲೆಂದು ಗ್ಯಾಂಬೂಸಿಯಾ ಮೀನು ಬಿಡುವ ಪರಿಪಾಠ ಕೈಬಿಡಬೇಕು, ಅದು ಕಪ್ಪೆಯ ಗೊದಮೊಟ್ಟೆ, ನಮ್ಮ ಸಣ್ಣ ಮೀನುಗಳ ಮರಿಯನ್ನೂ ತಿನ್ನುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿಗಳು ನೀರಿನೊಳಗೆ ಸೊಳ್ಳೆಮರಿಯನ್ನೂ ತಿಂದು ಬೆಳೆಯುತ್ತವೆ, ಅವಕ್ಕೆ ನೀರಿನಂಚಿನ ಗಿಡ ಬೇಕು.

ಹಾವು ಬರುವುದು ಇಲಿಗೆ, ಇಲಿ ಬರುವುದು ಕಸಕ್ಕೆ. ಕಸ ಸುರಿಯುವುದು ನಿಂತು, ನಡೆಯುವ ಹಾದಿಯ ಎರಡೂ ಬದಿ ಎರಡು ಮೀಟರ್ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿಟ್ಟರೆ ಹೆಜ್ಜೆಯಿಡುವ ಜಾಗ ಕಾಣುತ್ತದೆ. ದೀಪ ಹಾದಿಗೆ ಬೇಕು, ಹಳ್ಳಕ್ಕೆ ಬೇಡ. ಕೆಳಮುಖವಾದ ಹಳದಿ ಬೆಳಕು ಸಾಕು.

ಕಾನೂನಿನಲ್ಲಿ ಏನಿದೆ?

ಹಳ್ಳದಿಂದ 50 ಮೀಟರ್, ಕೆರೆಯಿಂದ 75 ಮೀಟರ್ ಬಿಡಬೇಕೆಂದು ಹಸಿರು ನ್ಯಾಯಮಂಡಳಿ ಹೇಳಿದೆ ಎಂಬ ಮಾತು ಇಲ್ಲೂ ಓಡಾಡುತ್ತಿದೆ. ಆ ಆದೇಶ 2016ರದ್ದು, ಬೆಂಗಳೂರಿಗೆ ಸಂಬಂಧಿಸಿದ್ದು, ಮತ್ತು ಬಫರ್ (ಕಟ್ಟದೆ ಬಿಡಬೇಕಾದ ಅಂಚು) ಕುರಿತ ಆ ಭಾಗವನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚಿನಲ್ಲಿ ರದ್ದುಪಡಿಸಿತು. ಅದನ್ನು ನಂಬಿ ಮನವಿ ಬರೆದರೆ ಮೊದಲ ಉತ್ತರದಲ್ಲೇ ಬೀಳುತ್ತದೆ.

ಗಟ್ಟಿ ಆಧಾರ ಬೇರೆಡೆ ಇದೆ. ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಬೇರೆ ಕೆಲಸಕ್ಕೆ ಕೊಡುವಂತಿಲ್ಲ ಎಂದು ಬೆಂಗಳೂರಿನದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ. ಅಲ್ಲಿ ಕೇಳಿದ್ದು ಆಸ್ಪತ್ರೆಗೆ. ರಾಜ್ಯದ ಉದ್ಯಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆ 1985ರದ್ದು. ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಹಳ್ಳದ ಜಾಗ ಕಂದಾಯ ದಾಖಲೆಯಲ್ಲಿ ಸಾಮಾನ್ಯವಾಗಿ ‘ಬಿ’ ಖರಾಬು, ಅಂದರೆ ಸಾರ್ವಜನಿಕ. ಗ್ರಾಮನಕ್ಷೆ ತೆಗೆಸಿ ಸರ್ವೆ ಮಾಡಿಸಿದರೆ ಹಳ್ಳದ ಮೂಲ ಅಗಲ ಸಿಗುತ್ತದೆ. ಒಂಬತ್ತು ಮೀಟರ್ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಕೆಲವೊಮ್ಮೆ ಉತ್ತರ ಆ ನಕ್ಷೆಯಲ್ಲೇ ಇರುತ್ತದೆ.

ಮುಂದೇನಾಗಬಹುದು

ಈಗಿನ ರೀತಿಯಲ್ಲೇ ಮುಂದುವರಿದರೆ ಪಾರ್ಕುಗಳು ಉದ್ಘಾಟನೆಯ ದಿನ ಚೆನ್ನಾಗಿ ಕಾಣುತ್ತವೆ, ಎರಡನೇ ಮಳೆಗಾಲಕ್ಕೆ ಟೈಲ್ಸ್ ಮೇಲೆ ಹೂಳು ಬರುತ್ತದೆ, ಗೋಡೆ ಕೆಳಗಿನ ಬಡಾವಣೆಗೆ ಸಮಸ್ಯೆಯನ್ನು ದಾಟಿಸುತ್ತದೆ. ಕೊಳಚೆ ಮಾತ್ರ ನಿಲ್ಲಿಸಿ ಉಳಿದದ್ದನ್ನು ಕೈಬಿಟ್ಟರೂ ಅರ್ಧ ಗೆದ್ದಂತೆ. ವಾಸನೆ ಹೋದರೆ ಜನ ಬರುತ್ತಾರೆ, ಜನ ಬಂದಲ್ಲಿ ಕಸ ಸುರಿಯುವವರು ಹಿಂಜರಿಯುತ್ತಾರೆ. ಪೂರ್ತಿ ಅನುಕ್ರಮ ಪಾಲಿಸಿದರೂ ಮೊದಲ ಎರಡು ವರ್ಷ ಪಾರ್ಕು ಅಂದವಾಗಿ ಕಾಣುವುದಿಲ್ಲ ಎಂಬುದನ್ನು ನಿವಾಸಿಗಳಿಗೆ ಮೊದಲೇ ಹೇಳಬೇಕು. ನಾರಿನ ಚಾಪೆ, ಗೂಟ, ಗಿಡ್ಡ ಸಸಿ ನೋಡಿ ‘ಹಣ ಎಲ್ಲಿ ಹೋಯಿತು’ ಎಂದು ಕೇಳುವುದು ಸಹಜ.

ಬದಲಾಗಬೇಕಾದ್ದು ಟೆಂಡರ್ ಷರತ್ತು. ಗಿಡದ ಬಾಬ್ತಿನ ಹಣವನ್ನು ನೆಟ್ಟ ದಿನ ಪೂರ್ತಿ ಕೊಡದೆ, ನೆಟ್ಟಾಗ ಶೇ 40, ಮೊದಲ ಬೇಸಿಗೆ ದಾಟಿದ ಸಸಿಗಳ ಎಣಿಕೆಯ ಮೇಲೆ ಶೇ 30, ಎರಡನೇ ಬೇಸಿಗೆಯ ನಂತರ ಶೇ 30 ಎಂದು ಒಡೆಯಬಹುದು. ಆಗ ಬದುಕಿದ ಗಿಡಕ್ಕೂ ಅಳತೆ ಪುಸ್ತಕದಲ್ಲಿ ಒಂದು ಸಾಲು ಸಿಗುತ್ತದೆ. ಮೂರು ವರ್ಷದ ನಿರ್ವಹಣೆ ಅದೇ ಗುತ್ತಿಗೆಯಲ್ಲಿರಬೇಕು: ವರ್ಷಕ್ಕೆ ಮೂರು ಸಲ ಕಳೆ, ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಮರದ ಸಸಿಗೆ 15–20 ಲೀಟರ್ ನೀರು, ಮೇ ಕೊನೆಗೆ ಮೋರಿಯ ಕಸ ತೆಗೆಯುವುದು, ಪ್ರತಿ ಪ್ರವಾಹದ ನಂತರ ಚಾಪೆಯ ಗೂಟ ನೋಡುವುದು.

ಈ ಮುಂಗಾರಿಗೆ ಕೆಲಸ ಆಗಬೇಕೆಂದಿದ್ದರೆ ಪೈಪುಗಳ ನಕ್ಷೆ ಫೆಬ್ರುವರಿಯಲ್ಲಿ ಸಿದ್ಧವಾಗಿರಬೇಕು, ಮಾರ್ಚಿನೊಳಗೆ ಒಳಚರಂಡಿ ಜೋಡಣೆ ಮುಗಿದಿರಬೇಕು. ಹೊಳೆಮತ್ತಿ, ಹೊಳೆದಾಸವಾಳದ ದೊಡ್ಡ ಸಸಿ ಬೇಕೆಂದರೆ ಅರಣ್ಯ ಇಲಾಖೆಯ ನರ್ಸರಿಗೆ ಒಂದು ವರ್ಷ ಮೊದಲೇ ಹೇಳಿಡಬೇಕು. ಏಪ್ರಿಲ್ ಕೊನೆಗೂ ಮಣ್ಣಿನ ಕೆಲಸ ಶುರುವಾಗಿರದಿದ್ದರೆ ಆ ವರ್ಷ ದಡ ಕೆದಕದೆ, ಕೊಳಚೆ ಪೈಪು ಮತ್ತು ಮೋರಿಗಳ ಕೆಲಸವನ್ನಷ್ಟೇ ಮುಗಿಸಿ, ದಡವನ್ನು ಮುಂದಿನ ಬೇಸಿಗೆಗೆ ಇಟ್ಟುಕೊಳ್ಳುವುದು ಕ್ಷೇಮ.